'ಟಯರ್ಡ್' ರೂಮಿಗೆ ಯಾರನ್ನು ಕರೆಸಬೇಕು?

ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕೆಲವು ಹೋಂಸ್ಟೇಗಳಿಗೆ ಬರುವ ಇಂಗ್ಲಿಷ್ ರಿವ್ಯೂಗಳನ್ನು ಓದಿ, ಅದರಲ್ಲಿ ಏನಿದೆ ಅಂತ ಮಾಲೀಕರಿಗೆ ಕನ್ನಡದಲ್ಲಿ ಹೇಳಿ, ಅತಿಥಿಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಹೊಗಳಿದ್ದರೆ ಬೇಗ ಮುಗಿಯುತ್ತದೆ. ತಲೆ ಕೆಡಿಸುವುದು 'ಹಳೇದು, ಚೆನ್ನಾಗಿಲ್ಲ' ಅಂತ ಸೂಚಿಸುವ ಆಡುಮಾತುಗಳು. ಇಂಗ್ಲಿಷ್‌ನಲ್ಲಿ ಇವು ರಾಶಿ ಇವೆ: ಶ್ಯಾಬಿ, ಟ್ಯಾಟಿ, ಡಿಂಜಿ, ಗ್ರಾಟಿ, ಟಯರ್ಡ್, ಡೇಟೆಡ್, ನ್ಯಾಫ್. ಇಂಗ್ಲಿಷ್-ಕನ್ನಡ ನಿಘಂಟು ತೆಗೆದರೆ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ. ಮಾಲೀಕರಿಗೆ ಅದರಿಂದ ಉಪಯೋಗ ಇಲ್ಲ. ಅವರಿಗೆ ಗೊತ್ತಾಗಬೇಕಾದ್ದು ಪೇಂಟರ್‌ನ ಕರೆಸಬೇಕಾ, ಪ್ಲಂಬರ್‌ನ ಕರೆಸಬೇಕಾ, ಇಲ್ಲಾ ಸುಮ್ನೆ ಇದ್ದುಬಿಡಬೇಕಾ ಅನ್ನೋದು. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಪದದ ಮುಂದೆ ಅರ್ಥದ ಬದಲು ಕೆಲಸ ಬರೆದುಕೊಳ್ಳುತ್ತಾ ಬಂದೆ.

ಒಬ್ಬರು ಹಿರಿಯ ಮಾಲೀಕರಿಗೆ 'ರೂಮ್ ಈಸ್ ಎ ಬಿಟ್ ಟಯರ್ಡ್' ಅಂತ ರಿವ್ಯೂ ಬಂದಿತ್ತು. "ರೂಮಿಗೆ ಎಂಥ ಸುಸ್ತು ಮೇಡಂ? ಸುಸ್ತಾಗಿ ಬಂದೋರು ಅವರಲ್ವಾ?" ಅಂತ ಕೇಳಿದರು. ವಿಡಿಯೋ ಕಾಲ್‌ನಲ್ಲಿ ರೂಮ್ ತೋರಿಸಿ ಅಂದೆ. ಕಸ ಇಲ್ಲ, ಧೂಳಿಲ್ಲ, ಗುಡಿಸಿ ಒರೆಸಿ ಇಟ್ಟಿದ್ದರು. ಆದರೆ ಹಾಸಿಗೆಯ ನಡುಭಾಗ ತಗ್ಗಿತ್ತು. ಸ್ವಿಚ್ ಬೋರ್ಡಿನ ಸುತ್ತ ಗೋಡೆ ಕೈ ತಾಗಿ ತಾಗಿ ಕಪ್ಪಾಗಿತ್ತು. ಪರದೆಯ ಬಣ್ಣ ಬಿಸಿಲು ಬೀಳುವ ಕಡೆ ಮಾತ್ರ ಮಾಸಿತ್ತು. ಟಯರ್ಡ್ ಅಂದರೆ ಇದೇ, ಬಳಸಿ ಬಳಸಿ ಸವೆದದ್ದು. ಗುಡಿಸುವವರನ್ನು ಬೈದು ಪ್ರಯೋಜನ ಇಲ್ಲ, ಹಾಸಿಗೆ ಬದಲಿಸಬೇಕು. ಇನ್ನು ಆ 'ಎ ಬಿಟ್'. ಬ್ರಿಟನ್ನಿನವರು ದೂರನ್ನು ತಗ್ಗಿಸಿ ಹೇಳುತ್ತಾರೆ. ಅವರ 'ಸ್ವಲ್ಪ' ಕಂಡರೆ ನಾನು 'ಚೆನ್ನಾಗೇ' ಅಂತ ಓದಿಕೊಳ್ಳುತ್ತೇನೆ.

ಡೇಟೆಡ್ ಬೇರೆ. ವಸ್ತು ಗಟ್ಟಿಮುಟ್ಟಾಗೇ ಇರುತ್ತದೆ, ಕಾಲ ಮುಂದೆ ಹೋಗಿರುತ್ತದೆ. ನಾವು ಓಬೀರಾಯನ ಕಾಲದ್ದು ಅನ್ನುತ್ತೇವಲ್ಲ, ಅದು. ಗುಲಾಬಿ ಬಣ್ಣದ ಬಾತ್‌ರೂಮ್ ಟೈಲ್ಸು, ಸನ್‌ಮೈಕಾ ಹಾಕಿದ ಕಪಾಟು. ಇದಕ್ಕೆ ದುಡ್ಡು ಸುರಿಯಿರಿ ಅಂತ ನಾನು ಯಾರಿಗೂ ಹೇಳಲ್ಲ. ಫೋಟೋದಲ್ಲಿ ಆ ಟೈಲ್ಸ್ ಕಾಣೋ ಹಾಗೆ ಹಾಕಿ ಅಂತೀನಿ, ನೋಡಿ ಬಂದವರು ಆಮೇಲೆ ದೂರುವುದು ಕಡಿಮೆ.

ಟ್ಯಾಟಿ ಅನ್ನುವ ಪದವನ್ನು ಹಿಂದಿ ಬಲ್ಲವರ ಮುಂದೆ ಜೋರಾಗಿ ಓದಬೇಡಿ, ಮುಖ ಸಿಂಡರಿಸುತ್ತಾರೆ. ಪಾಪ, ಅದರ ಅರ್ಥ ಅಷ್ಟು ಕೆಟ್ಟದ್ದಲ್ಲ. ಅಂಚು ಕಿತ್ತು, ಮೂಲೆ ಹರಿದು ಬಂದಿರುವ ವಸ್ತು: ಸೋಫಾ ಕವರ್, ಮೆನು ಕಾರ್ಡ್, ಕಾಲೊರಸು. ಸಾಮಾನ್ಯವಾಗಿ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಡಿಂಜಿ ಅಂದರೆ ಬೆಳಕು ಸಾಲದೆ ಮಾಸಲಾಗಿ ಕಾಣುವುದು. ಮಲೆನಾಡಿನ ಹಳೇ ತೊಟ್ಟಿಮನೆಗಳಿಗೆ ಈ ಪದ ಜಾಸ್ತಿ ಬರುತ್ತದೆ. ಸಣ್ಣ ಕಿಟಕಿ, ಕಪ್ಪಾದ ಮರದ ಕಂಬ, ಜೂನ್ ಬಂತು ಅಂದರೆ ಹಗಲಲ್ಲೂ ಕತ್ತಲೆ. ಇಂಥ ಕಡೆ ಮೊದಲು ಬಲ್ಬು ಬದಲಿಸಲು ಹೇಳುತ್ತೇನೆ. ಜೊತೆಗೆ 'ಲಿಕ್ ಆಫ್ ಪೇಂಟ್' ಬೇಕು ಅಂತ ಬರೆದಿದ್ದರೆ ಒಂದು ಕೋಟ್ ಬಿಳಿ ಬಣ್ಣ. ಆದರೆ ಮಳೆ ನಿಂತ ಮೇಲೆ. ಜುಲೈನಲ್ಲಿ ಹೊಡೆಸಿದರೆ ಒಣಗೋದೂ ಇಲ್ಲ, ಬೂಷ್ಟು ಬೇರೆ.

ಗ್ರಾಟಿ ಬಂದರೆ ಮಾತ್ರ ನಾನು ಅವತ್ತೇ ಫೋನ್ ಮಾಡುತ್ತೇನೆ. ಅದು ಗಲೀಜಿನ ದೂರು. ಟೈಲ್ಸ್ ಸಂದಿಯ ಕಪ್ಪು, ಬಕೆಟ್ಟಿನ ಒಳಗಿನ ಜಾರುವ ಪಾಚಿ, ಕಮೋಡಿನ ಕಲೆ. 'ಗ್ರೋಟೆಸ್ಕ್' ಅನ್ನುವುದನ್ನು ಮೊಟಕು ಮಾಡಿ ಆದ ಪದ ಇದು. 1964ರ ಬೀಟಲ್ಸ್ ಸಿನಿಮಾ 'ಎ ಹಾರ್ಡ್ ಡೇಸ್ ನೈಟ್'ನಲ್ಲಿ ಜಾರ್ಜ್ ಹ್ಯಾರಿಸನ್ ಬಾಯಲ್ಲಿ ಬಂದು ಜನಪ್ರಿಯವಾಯಿತು. ಅಲ್ಲಿ ಅದನ್ನು ಹೇಳಿದ್ದು ಶರ್ಟಿಗೆ. ನಮ್ಮಲ್ಲಿಗೆ ಬರುವವರು ಹೇಳೋದು ಬಹುಪಾಲು ಬಾತ್‌ರೂಮಿಗೆ. ಇನ್ನೊಂದು, ಡಾಡ್ಜಿ. ಅದು ವೈರಿಂಗ್ ಅಥವಾ ಗೀಸರ್ ಪಕ್ಕದಲ್ಲಿ ಕಂಡರೆ ಅಂದಚಂದದ ವಿಷಯವೇ ಅಲ್ಲ, ನಂಬೋ ಹಾಗಿಲ್ಲ ಅಂತ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆ ರೂಮ್ ಕೊಡಬೇಡಿ ಅಂತೀನಿ.

ಪದದ ಜೊತೆ ಬರೆದವರು ಯಾವ ದೇಶದವರು ಅಂತಲೂ ನೋಡಬೇಕು. ಇದನ್ನು ಕಲಿಸಿದ್ದು ಆನ್‌ಲೈನ್ ಕೇಂಬ್ರಿಡ್ಜ್ ನಿಘಂಟು. ಪದದ ಪಕ್ಕದಲ್ಲೇ ಇದು ಆಡುಮಾತು, ಇದು ಬ್ರಿಟನ್ನಿನದು ಅಂತ ಗುರುತು ಹಾಕಿರುತ್ತಾರೆ. ನಾನು ಅರ್ಥಕ್ಕಿಂತ ಮೊದಲು ಆ ಗುರುತನ್ನೇ ನೋಡುವುದು. ಅಮೆರಿಕದವರು ರ್‍ಯಾಟಿ ಅಂದರೆ ಹರಕಲು, ಜೂಲು. ಬ್ರಿಟನ್ನಿನವರು ಅದನ್ನೇ ಸಿಡುಕುವ ಮನುಷ್ಯನಿಗೆ ಹೇಳುತ್ತಾರೆ. 'ರ್‍ಯಾಟಿ ಬ್ಲಾಂಕೆಟ್' ಆದರೆ ಕಂಬಳಿ ಬದಲಿಸಿ, 'ರ್‍ಯಾಟಿ ಕೇರ್‌ಟೇಕರ್' ಆದರೆ ಕೇರ್‌ಟೇಕರ್ ಹತ್ತಿರ ಮಾತಾಡಿ.

ಆಸ್ಟ್ರೇಲಿಯಾದವರ ಡ್ಯಾಗಿ ನನಗೆ ಇಷ್ಟದ ಪದ. ಕುರಿಯ ಹಿಂಭಾಗದ ಉಣ್ಣೆಗೆ ಹಿಕ್ಕೆ ಅಂಟಿ ಗಂಟಾಗಿರುತ್ತಲ್ಲ, ಅದಕ್ಕೆ ಅವರು ಡ್ಯಾಗ್ ಅನ್ನುತ್ತಾರೆ. ಪದದ ಬೇರು ಅಲ್ಲಿದೆ. ಆದರೂ ಬಳಕೆಯಲ್ಲಿ ಸಲಿಗೆ ಇದೆ: ಫ್ಯಾಷನ್ ಇಲ್ಲ, ಪರವಾಗಿಲ್ಲ, ನಮ್ಮದೇ ಮನೆ ಥರ ಇದೆ. 'ಡ್ಯಾಗಿ ಬಟ್ ಲವ್ಲಿ' ಅಂತ ಬಂದರೆ ಮಾಲೀಕರಿಗೆ ಹೊಗಳಿದ್ದಾರೆ ಅಂತಲೇ ಹೇಳುತ್ತೇನೆ. ಬ್ರಿಟನ್ನಿನ ನ್ಯಾಫ್‌ನಲ್ಲಿ ಈ ಪ್ರೀತಿ ಕಡಿಮೆ. ನಿಮ್ಮ ಅಭಿರುಚಿ ಸರಿಯಿಲ್ಲ ಅನ್ನುವ ಸಣ್ಣ ಕೊಂಕು ಅದು. ಹಂಸದ ಆಕಾರಕ್ಕೆ ಮಡಚಿಟ್ಟ ಟವೆಲ್ಲು, ಪ್ಲಾಸ್ಟಿಕ್ ಗುಲಾಬಿ, ಇಂಥವಕ್ಕೆ ಬರುತ್ತದೆ. ಅದಕ್ಕೆ ನಾನು ಏನೂ ಮಾಡಿಸಲ್ಲ. ನಮ್ಮೂರಿಂದ ಬರುವ ಮಕ್ಕಳಿಗೆ ಆ ಹಂಸ ಬೇಕೇ ಬೇಕು.

ನಮ್ಮವರು ಹೆಮ್ಮೆಯಿಂದ ಹಾಕಿಕೊಳ್ಳುವ 'ಹೋಮ್ಲಿ' ಮಾತ್ರ ಎಲ್ಲಾ ಕಡೆಯಿಂದ ತೆಗೆಸಿದೆ. ನಮಗೂ ಬ್ರಿಟನ್ನಿನವರಿಗೂ ಅದು ಒಳ್ಳೆಯ ಮಾತು. ಅಮೆರಿಕದಲ್ಲಿ ಒಬ್ಬರನ್ನು ಹೋಮ್ಲಿ ಅಂದರೆ ನೋಡೋಕೆ ಲಕ್ಷಣವಾಗಿಲ್ಲ ಅಂತ. 'ಹೋಮ್ಲಿ ಫ್ಯಾಮಿಲಿ ವಿಲ್ ವೆಲ್ಕಮ್ ಯು' ಅಂತ ಬೋರ್ಡ್ ಹಾಕಿದ್ದವರಿಗೆ ಇದನ್ನು ಹೇಳಿದಾಗ ಅವರ ಮನೆಯವರು ಒಳಗಿಂದಲೇ ಕೂಗಿದರು: "ಇವತ್ತೇ ಇಳಿಸ್ರೀ ಅದನ್ನ!"

ಉತ್ತರ ಬರೆಯುವಾಗ ನನ್ನದೊಂದು ಪದ್ಧತಿ ಇದೆ. ಅತಿಥಿ ಬಳಸಿದ ಪದವನ್ನು ತಿರುಗಿ ಬರೆಯುವುದಿಲ್ಲ. ನಾವೇ 'ಗ್ರಾಟಿ' ಅಂತ ಬರೆದರೆ ಮುಂದೆ ಓದುವವರಿಗೆ ಅದೇ ಎರಡು ಸಲ ಕಾಣುತ್ತದೆ. ಏನು ಸರಿಮಾಡಿಸಿದ್ದೇವೆ ಅಂತ ವಸ್ತುವಿನ ಹೆಸರು ಹಿಡಿದು ಬರೆಯುತ್ತೇನೆ: ಹಾಸಿಗೆ, ಬಲ್ಬು, ನಲ್ಲಿ. ಆಗದೇ ಇದ್ದದ್ದನ್ನು ಆಗಿದೆ ಅಂತ ಬರೆಯಲ್ಲ, ಎಷ್ಟೇ ಒತ್ತಾಯ ಬಂದರೂ. ಹೊಸ ಪದಗಳನ್ನು ನಾನಾಗಿ ಬಳಸಲು ಹೋಗುವುದೂ ಇಲ್ಲ. 2021ರಲ್ಲಿ ಟಿಕ್‌ಟಾಕ್‌ನಲ್ಲಿ ಚೂಗಿ ಅನ್ನುವ ಪದ ಓಡಾಡಿತು, ಫ್ಯಾಷನ್ ಮುಗಿದ ಮೇಲೂ ಅದನ್ನೇ ಹಿಡಿದುಕೊಂಡಿರುವವರನ್ನು ಆಡಿಕೊಳ್ಳಲು. ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಹೊತ್ತಿಗೆ ಅದನ್ನು ಬಳಸುವವರೇ ಹಳಬರಾಗಿದ್ದರು.