ರಿಯೋ ಎಲೆಯಲ್ಲಿ ಪತ್ರರಂಧ್ರಗಳನ್ನು ನೋಡುವ ವಿಧಾನ

ಬೆಂಗಳೂರಿನ ಮನೆಯಂಗಳಗಳಲ್ಲಿಯೂ ಉದ್ಯಾನಗಳ ಅಂಚಿನಲ್ಲಿಯೂ ಬೆಳೆಸುವ, ಮೇಲೆ ಹಸಿರು, ಕೆಳಗೆ ನೇರಳೆ ಬಣ್ಣದ ಎಲೆಗಳ ರಿಯೋ ಗಿಡವು ಜೀವಕೋಶಗಳನ್ನು ಮೊದಲ ಬಾರಿ ನೋಡುವವರಿಗೆ ಈರುಳ್ಳಿಗಿಂತಲೂ ಉತ್ತಮವೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಬಣ್ಣ ಹಾಕುವ ಅಗತ್ಯವೇ ಇಲ್ಲ.

ಬೆಳಿಗ್ಗೆ ಬಿಸಿಲು ಬಿದ್ದ ಎಲೆಯೊಂದನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ನೇರಳೆ ಬಣ್ಣದ ತೆಳುಪೊರೆ ಉಳಿಯುತ್ತದೆ. ಅದರ ಸಣ್ಣ ತುಂಡನ್ನು ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿರಿಸಿ, ಅದನ್ನು ಮುಚ್ಚುವ ತೆಳು ಗಾಜಾದ ಕವರ್‌ಸ್ಲಿಪ್ಪನ್ನು ಗಾಳಿಗುಳ್ಳೆ ಸಿಲುಕದಂತೆ ಓರೆಯಾಗಿ ಇಳಿಸಬೇಕು. (ಗುಳ್ಳೆಯ ಕಪ್ಪು ಅಂಚನ್ನೇ ಜೀವಕೋಶವೆಂದು ಭ್ರಮಿಸುವವರು ಬಹಳ.) ಸೂಕ್ಷ್ಮದರ್ಶಕದಲ್ಲಿ ಮೊದಲು 100 ಪಟ್ಟು, ಅನಂತರ 400 ಪಟ್ಟು ಹಿಗ್ಗಿಸಿ ನೋಡಿ.

ನೇರಳೆ ಕೋಶಗಳ ನಡುವೆ ಜೋಡಿಯಾಗಿ ಕಾಣುವ ಹಸಿರು ಕೋಶಗಳೇ ಕಾವಲು ಕೋಶಗಳು. ಅವು ನೀರು ಹೀರಿ ಉಬ್ಬಿದಾಗ ನಡುವಿನ ರಂಧ್ರ, ಅಂದರೆ ಪತ್ರರಂಧ್ರ, ತೆರೆದು ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ನೀರಾವಿ ಹೊರಹೋಗುತ್ತದೆ. ಕುಗ್ಗಿದಾಗ ರಂಧ್ರ ಮುಚ್ಚುತ್ತದೆ.

ಈಗ ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಗಾಢವಾದ ಉಪ್ಪುನೀರಿನ ಹನಿಯಿಟ್ಟು, ಎದುರಿನ ಅಂಚಿನಿಂದ ಕಾಗದದ ತುಂಡಿನಲ್ಲಿ ನೀರನ್ನು ಹೀರಿ ತೆಗೆದರೆ, ಕೆಲವೇ ನಿಮಿಷಗಳಲ್ಲಿ ಕೋಶದೊಳಗಿನ ನೀರು ಪರಾಸರಣದಿಂದ (ಕೋಶದ ಪೊರೆಯ ಮೂಲಕ ನೀರು ಗಾಢ ದ್ರಾವಣದತ್ತ ಸಾಗುವುದರಿಂದ) ಹೊರಬಂದು, ನೇರಳೆ ಭಾಗವು ಕೋಶಭಿತ್ತಿಯಿಂದ ಬಿಡಿಸಿಕೊಂಡು ಮುದುಡುತ್ತದೆ. ತಡಮಾಡದೆ ಶುದ್ಧ ನೀರು ಹಾಯಿಸಿದರೆ ಬಹುತೇಕ ಕೋಶಗಳು ಮತ್ತೆ ತುಂಬಿಕೊಳ್ಳುತ್ತವೆ.