ರೇಂಜರ್ ಪಾತ್ರದ ಸೀಮಿತ ಕೌಶಲಗಳನ್ನು ಆರಿಸಿ ಬಳಸುವ ಬಗೆ

ದಾಳ ಉರುಳಿಸುತ್ತ, ಕೂಡಿ ಕಥೆ ಕಟ್ಟುತ್ತ ಆಡುವ ಡಂಜನ್ಸ್ ಆಂಡ್ ಡ್ರಾಗನ್ಸ್ ಆಟದ 2014ರ ನಿಯಮಗಳಲ್ಲಿ ರೇಂಜರ್, ಅಂದರೆ ಕಾಡುಮೇಡು ಬಲ್ಲ ಯೋಧನ ಪಾತ್ರವನ್ನು ಆರಿಸಿಕೊಳ್ಳುವವರು ಮೊದಲ ಹಂತದಲ್ಲಿಯೇ ಒಂದು ಬಗೆಯ ಶತ್ರುವನ್ನೂ ಒಂದು ಬಗೆಯ ಭೂಪ್ರದೇಶವನ್ನೂ ಗೊತ್ತುಪಡಿಸಿಕೊಳ್ಳಬೇಕು. ಹಿಮಪ್ರದೇಶವನ್ನು ಆರಿಸಿದ ಮೇಲೆ ಕಥೆಯೆಲ್ಲ ಕಡಲತೀರದಲ್ಲಿ ನಡೆದರೆ ಆ ಕೌಶಲ ಹಾಳೆಯ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಕಥೆ ಎಲ್ಲಿ ಸಾಗಲಿದೆ, ಎದುರಾಳಿಗಳು ಹೆಚ್ಚಾಗಿ ಯಾರು ಎಂಬುದನ್ನು ಆಟ ನಡೆಸುವವರಲ್ಲಿ ಮೊದಲೇ ಕೇಳಿಕೊಳ್ಳಿ. ಇದರಿಂದ ಕಥೆಯ ಗುಟ್ಟು ಕೆಡುವುದಿಲ್ಲ. ಆ ಸೀಮೆಯಲ್ಲಿ ಅಲೆದು ಬೆಳೆದ ಪಾತ್ರಕ್ಕೆ ಅಷ್ಟು ತಿಳಿದೇ ಇರುತ್ತದೆ.

ಶತ್ರುವಿನ ಆಯ್ಕೆಯಿಂದ ಹೊಡೆತದ ಬಲ ಹೆಚ್ಚುವುದಿಲ್ಲ. ಜಾಡು ಹಿಡಿಯುವಾಗಲೂ ಆ ಜೀವಿಗಳ ವಿಷಯವನ್ನು ನೆನಪಿಸಿಕೊಳ್ಳುವಾಗಲೂ ದಾಳವನ್ನು ಎರಡು ಬಾರಿ ಉರುಳಿಸಿ ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಹೀಗಾಗಿ ಈ ಕೌಶಲವನ್ನು ಕಾಳಗಕ್ಕೆ ಮುಂಚೆಯೇ, ಹೆಜ್ಜೆಗುರುತು ಕಂಡ ಕೂಡಲೇ ಬಳಸಿರಿ.

ಭೂಪ್ರದೇಶದ ಕೌಶಲದ ತೊಡಕು ಬೇರೆ ಬಗೆಯದು. ಆರಿಸಿದ ಪ್ರದೇಶದಲ್ಲಿ ಮಾಯೆಯ ಹೊರತು ತಂಡ ದಾರಿ ತಪ್ಪುವುದಿಲ್ಲ, ಹುಡುಕಿದರೆ ಆಹಾರ ಇಮ್ಮಡಿ ಸಿಗುತ್ತದೆ; ಅಂದರೆ ಪಾತ್ರ ಮೆರೆಯಬೇಕಾದ ಪ್ರಯಾಣವೇ ಒಂದು ವಾಕ್ಯದಲ್ಲಿ ಮುಗಿದುಹೋಗುವ ಅಪಾಯವಿದೆ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ನಷ್ಟ. ಆಟ ನಡೆಸುವವರು ಅಂಥ ಕಡೆ ಅಡ್ಡಿಗಳ ಬದಲು ಆಯ್ಕೆಗಳನ್ನು ಇಡಬೇಕು: ರೇಂಜರ್ ಮಾತ್ರ ಗುರುತಿಸಬಲ್ಲ ಒಳದಾರಿ, ಪಾಳುಬಿದ್ದ ಬಿಡಾರ, ಯಾರೋ ಈಚೆಗೆ ನಂದಿಸಿದ ಬೆಂಕಿ.

ಇಷ್ಟಾದರೂ ಹೊಂದದಿದ್ದರೆ, 2020ರಲ್ಲಿ ಬಂದ ಪೂರಕ ಪುಸ್ತಕದ ಐಚ್ಛಿಕ ನಿಯಮಗಳು ಈ ಎರಡೂ ಕೌಶಲಗಳಿಗೆ ಬದಲಿ ಒದಗಿಸುತ್ತವೆ. ತಂಡದ ಒಪ್ಪಿಗೆ ಪಡೆದು ಅವನ್ನು ಅಳವಡಿಸಿಕೊಳ್ಳಿ.