ಹ್ಯಾಂಗ್ ಗ್ಲೈಡಿಂಗ್ ಕಾಂಪಿಟಿಷನ್ ನಡೆಸೋದು ಹೇಗೆ: ಹಾರೋರಿಗಿಂತ ನೆಲದ ಮೇಲಿರೋರಿಗೇ ಕೆಲಸ ಜಾಸ್ತಿ

ಹ್ಯಾಂಗ್ ಗ್ಲೈಡಿಂಗ್ ಅಂದ್ರೆ ನಮ್ಮ ಕಡೆ ಸುಮಾರು ಜನಕ್ಕೆ ಪ್ಯಾರಾಗ್ಲೈಡಿಂಗೇ ಕಣ್ಮುಂದೆ ಬರೋದು, ಬಿರ್ ಬಿಲ್ಲಿಂಗ್‌ಗೆ ಹೋಗಿ ಬಂದು ಫೋಟೋ ಹಾಕ್ತಾರಲ್ಲ ಅದು. ಇದು ಬೇರೆ. ಇದರಲ್ಲಿ ಮೆತ್ತನೆ ಕೊಡೆ ಇರಲ್ಲ, ಅಲ್ಯೂಮಿನಿಯಂ ಇಲ್ಲಾ ಕಾರ್ಬನ್ ಕೊಳವೆಗಳ ಗಟ್ಟಿ ಚೌಕಟ್ಟಿಗೆ ಬಟ್ಟೆ ಬಿಗಿದಿರ್ತಾರೆ, ಪೈಲಟ್ ಅದರ ಕೆಳಗೆ ಬೋರಲಾಗಿ ತೂಗಾಡ್ಕೊಂಡು ಕೈಲಿರೋ ಬಾರ್ ಹಿಡಿದು ಮೈ ಆಚೆ ಈಚೆ ಸರಿಸಿ ತಿರುಗಿಸ್ತಾನೆ. ರೇಸಿಗೆ ತರೋ ರೆಕ್ಕೆ 35 ಕೆ.ಜಿ. ಹತ್ರ ತೂಗುತ್ತೆ, ಒಂದು ಕಿ.ಮೀ. ಎತ್ತರದಿಂದ ಬಿಟ್ರೆ ನಿಂತ ಗಾಳಿಲಿ ಹೆಚ್ಚೂಕಮ್ಮಿ 15 ಕಿ.ಮೀ. ದೂರ ಜಾರಿಕೊಂಡು ಹೋಗುತ್ತೆ. ಎಂಜಿನ್ ಇಲ್ಲ. ಹದ್ದು ಬಿಸಿಲಲ್ಲಿ ರೆಕ್ಕೆ ಬಡಿಯದೇ ಸುತ್ತು ಹಾಕ್ತಾ ಮೇಲೇರುತ್ತಲ್ಲ, ಅದೇ ಬಿಸಿಗಾಳಿ ಕಂಬ ಹಿಡ್ಕೊಂಡು ಇವರೂ ಏರ್ತಾರೆ, ಅದಕ್ಕೆ ಥರ್ಮಲ್ ಅಂತಾರೆ, ಒಂದು ಥರ್ಮಲ್‌ನಿಂದ ಇನ್ನೊಂದಕ್ಕೆ ಜಾರ್ತಾ ಜಾರ್ತಾ 150, 200 ಕಿ.ಮೀ. ಹೋಗ್ತಾರೆ. ಇದನ್ನೇ ರೇಸ್ ಮಾಡಿದ್ರೆ ಕ್ರಾಸ್ ಕಂಟ್ರಿ ಕಾಂಪಿಟಿಷನ್.

ನಾನು ಇದಕ್ಕೆ ಸೇರಿದ್ದು ಡ್ರೈವರ್ ಆಗಿ. ಸಿಡ್ನಿಲಿ ಕೆಲಸ, ಜನವರಿಲಿ ರಜೆ, ಹಾರೋ ಸ್ನೇಹಿತನೊಬ್ಬ ಕಾರ್ ಓಡಿಸೋಕೆ ಬರ್ತೀಯಾ ಅಂದ, ಹೋದೆ. ಆಮೇಲೆ ಟೇಬಲ್ ಹಾಕೋದು, ಹೆಸರು ಬರ್ಕೊಳ್ಳೋದು, ಫೈಲ್ ರೆಡಿ ಮಾಡೋದು ಅಂತ ಒಂದೊಂದೇ ಕೆಲಸ ಮೈಮೇಲೆ ಬಿತ್ತು. ಹಾಗಾಗಿ ಇಲ್ಲಿ ಬರೆದಿರೋದೆಲ್ಲ ನೆಲದಿಂದ ನೋಡಿದ್ದು, ಗೆಲ್ಲೋದು ಹೇಗೆ ಅಂತ ನನ್ನನ್ನ ಕೇಳ್ಬೇಡಿ.

ಮೊದಲು ಜಾಗ. ಉದಾಹರಣೆಗೆ ನ್ಯೂ ಸೌತ್ ವೇಲ್ಸ್‌ನ ಫೋರ್ಬ್ಸ್ ತಗೊಳ್ಳಿ, 2013ರ ವರ್ಲ್ಡ್ ಚಾಂಪಿಯನ್‌ಶಿಪ್ ಅಲ್ಲೇ ಆಗಿದ್ದು. ಗುಡ್ಡ ಇಲ್ಲ, ನಮ್ಮ ಬಯಲುಸೀಮೆಯನ್ನ ಇನ್ನಷ್ಟು ಎಳೆದು ಚಪ್ಪಟೆ ಮಾಡಿದ ಹಾಗಿದೆ. ಗುಡ್ಡ ಇಲ್ದೇ ಎಲ್ಲಿಂದ ಹಾರ್ತಾರೆ ಅಂತ ಮೊದಲು ನಂಗೂ ಅನ್ಸಿತ್ತು. ಚಪ್ಪಟೆ ಇರೋದೇ ಲಾಭ: ಗೋಧಿ ಕೊಯ್ದಾದ ಮೇಲೆ ಕೂಳೆ ಹೊಲ ಮೈಲಿಗಟ್ಟಲೆ, ಎಲ್ಲಿ ಬೇಕಾದ್ರೂ ಇಳೀಬಹುದು, ಬಿಸಿಲಿಗೆ ನೆಲ ಕಾದು ಥರ್ಮಲ್ ಜೋರಾಗಿ ಏಳುತ್ತೆ, ರಸ್ತೆ ಎಲ್ಲಾ ಕಡೆ ಇದೆ. ಜೊತೆಗೆ ಊರಿಗೊಂದು ಚಿಕ್ಕ ಏರೋಡ್ರೋಮ್. ಜಾಗ ಹುಡುಕುವಾಗ ಈ ನಾಲ್ಕನ್ನ ನೋಡಿ, ಸೀನರಿ ನೋಡ್ಬೇಡಿ. ಕಾಡು, ಕಣಿವೆ ಇರೋ ಜಾಗ ಫೋಟೋಗೆ ಚೆಂದ, ಇಳಿಯೋಕೆ ಜಾಗ ಸಿಗದೆ ಪೈಲಟ್ ಮರದ ಮೇಲೆ ಕೂತಾಗ ಗೊತ್ತಾಗುತ್ತೆ.

ಪರ್ಮಿಷನ್ ಕೆಲಸ ಬೋರು, ಆದ್ರೆ ತಿಂಗಳುಗಟ್ಟಲೆ ಮುಂಚೆ ಶುರು ಮಾಡ್ಬೇಕು. ಏರೋಡ್ರೋಮ್ ಯಾರದ್ದೋ ಅವರ ಒಪ್ಪಿಗೆ, ದೇಶದ ಹ್ಯಾಂಗ್ ಗ್ಲೈಡಿಂಗ್ ಸಂಸ್ಥೆ ಒಪ್ಪಿಗೆ (ಆಸ್ಟ್ರೇಲಿಯಾದಲ್ಲಿ ಅದು ಸಾಫಾ), ಇನ್ಶೂರೆನ್ಸ್, ಇಷ್ಟು ದಿನ ಇಲ್ಲಿ ಗ್ಲೈಡರ್ ಹಾರ್ತವೆ ಅಂತ ಬೇರೆ ವಿಮಾನದವರಿಗೆ ತಿಳಿಸೋ ನೋಟಾಮ್. ಫೋರ್ಬ್ಸ್‌ನಿಂದ ಉತ್ತರಕ್ಕೆ ಮೂವತ್ತು ಚಿಲ್ಲರೆ ಕಿ.ಮೀ. ಹೋದ್ರೆ ಪಾರ್ಕ್ಸ್, ಅಲ್ಲೂ ಏರ್‌ಪೋರ್ಟ್ ಇದೆ, ಅದನ್ನ ಬಿಟ್ಟು ಟಾಸ್ಕ್, ಅಂದ್ರೆ ಆ ದಿನ ಹಾರೋ ದಾರಿ, ಹಾಕ್ಬೇಕು. (ಪಾರ್ಕ್ಸ್ ಅಂದ್ರೆ ಅದೇ 64 ಮೀಟರ್ ರೇಡಿಯೋ ಟೆಲಿಸ್ಕೋಪ್ ಊರು, 1969ರಲ್ಲಿ ಚಂದ್ರನ ಮೇಲೆ ಇಳಿದಿದ್ದರ ಟೀವಿ ಸಿಗ್ನಲ್ ಹಿಡಿದಿದ್ದು. ಗಾಳಿ ಸರಿ ಇಲ್ಲದ ದಿನ ಎಲ್ಲಾರೂ ನೋಡೋಕೆ ಹೋಗೋದು ಅಲ್ಲಿಗೇ.) ವರ್ಲ್ಡ್ ರ‍್ಯಾಂಕಿಂಗ್ ಪಾಯಿಂಟ್ ಸಿಗ್ಬೇಕು ಅಂದ್ರೆ ಎಫ್‌ಎಐ (ಗಾಳೀಲಿ ಆಡೋ ಆಟಗಳ ಅಂತರರಾಷ್ಟ್ರೀಯ ಸಂಸ್ಥೆ) ಒಳಗಿನ ಸಿವಲ್ ಅನ್ನೋ ಕಮಿಟಿಗೆ ಅರ್ಜಿ ಹಾಕಿ ಕೆಟಗರಿ 2 ಮಾನ್ಯತೆ ತಗೋಬೇಕು. ವರ್ಲ್ಡ್ ಚಾಂಪಿಯನ್‌ಶಿಪ್ ಥರದ್ದು ಕೆಟಗರಿ 1, ಮೊದಲ ಸಲಕ್ಕೇ ಅದರ ಆಸೆ ಬೇಡ.

ಈಗ ಗುಡ್ಡ ಇಲ್ದೇ ಹಾರೋ ವಿಷಯ. ಡ್ರ್ಯಾಗನ್‌ಫ್ಲೈ ಅಂತ ಒಂದು ಪುಟ್ಟ ವಿಮಾನ ಇದೆ, ತುಂಬಾ ನಿಧಾನ ಹಾರುತ್ತೆ, ಇದಕ್ಕಂತಲೇ ಮಾಡಿದ್ದು. ಗ್ಲೈಡರನ್ನ ಚಕ್ರದ ಗಾಡಿ ಮೇಲೆ ಇಟ್ಟು, ಪೈಲಟ್ ಅದರಲ್ಲೇ ಬೋರಲು ಮಲಗಿ, ಮುಂದೆ ವಿಮಾನ ಹಗ್ಗ ಕಟ್ಟಿ ಎಳೆಯುತ್ತೆ, ಸ್ಪೀಡ್ ಬಂದ ಮೇಲೆ ಗಾಡಿ ಕೆಳಗೇ ಉಳಿಯುತ್ತೆ, 600 ಮೀಟರ್ ಹತ್ರ ಹೋಗಿ ಹಗ್ಗ ಬಿಡ್ತಾರೆ. ಹಗ್ಗದ ತುದೀಲಿ ವೀಕ್ ಲಿಂಕ್ ಅಂತ ಒಂದು ತೆಳು ದಾರ ಇರುತ್ತೆ, ಎಳೆತ ಮಿತಿ ಮೀರಿದ್ರೆ ಮೊದಲು ಅದು ಕಿತ್ಕೊಳ್ಬೇಕು. ಪದೇ ಪದೇ ಕಿತ್ತೋಗುತ್ತೆ ಅಂತ ಯಾರಾದ್ರೂ ಎರಡೆಳೆ ಮಾಡಿ ಕಟ್ಕೊಂಡು ಬಂದ್ರೆ ಲೈನ್‌ನಿಂದ ಹೊರಗೆ ಕಳ್ಸಿ, ದಾಕ್ಷಿಣ್ಯ ಬೇಡ.

ಇಲ್ಲೊಂದು ಲೆಕ್ಕ ಹಾಕ್ಲೇಬೇಕು. ಒಂದು ವಿಮಾನ ಒಬ್ಬನ್ನ ಮೇಲೆ ಬಿಟ್ಟು ವಾಪಸ್ ಬಂದು ಇನ್ನೊಬ್ಬನ್ನ ಕಟ್ಕೊಳ್ಳೋಕೆ 8 ನಿಮಿಷ ಅನ್ಕೊಳ್ಳಿ, ಗಂಟೆಗೆ 7 ಜನ. 60 ಪೈಲಟ್ ಇದ್ದು 4 ವಿಮಾನ ಮಾತ್ರ ಇದ್ರೆ ಎರಡು ಗಂಟೆ ಮೇಲಾಗುತ್ತೆ, ಅಷ್ಟೊತ್ತು ಮೊದಲು ಹೋದೋನು ಮೇಲೆ ಸುತ್ತು ಹಾಕ್ತಾ ಸುಸ್ತಾಗಿರ್ತಾನೆ, ಕೊನೇಲಿ ಹೋಗೋನಿಗೆ ರೇಸ್ ಶುರುವಾಗೋ ಮುಂಚೆ ಎತ್ತರವೇ ಸಿಕ್ಕಿರಲ್ಲ, ಇಬ್ಬರೂ ಸಂಜೆ ಬಂದು ನಿಮ್ಮನ್ನೇ ಬೈಯೋದು. 8 ವಿಮಾನ ಇದ್ರೆ ಒಂದು ಗಂಟೆ ಚಿಲ್ಲರೆಲಿ ಮುಗಿಯುತ್ತೆ, ಅದೂ ಯಾರೂ ಥರ್ಮಲ್ ತಪ್ಪಿ ವಾಪಸ್ ಇಳಿದು ಎರಡನೇ ಸಲ ಎಳೀರಿ ಅನ್ನದೇ ಇದ್ರೆ. ಹಾಗಾಗಿ ಬಜೆಟ್‌ನಲ್ಲಿ ಮೊದಲು ವಿಮಾನ, ಟಿ-ಶರ್ಟು ಟ್ರೋಫಿ ಆಮೇಲೆ. ಇನ್ನೊಂದು, ಆ ಚಕ್ರದ ಗಾಡಿಗಳು ರನ್‌ವೇ ತುಂಬಾ ಚೆಲ್ಲಾಡಿರ್ತವೆ, ಬೈಕ್‌ನಲ್ಲಿ ಹೋಗಿ ಎಳ್ಕೊಂಡು ಬರೋಕೆ ಇಬ್ಬರು ಹುಡುಗರು ಬೇಕು, ಅವರಿಲ್ದೇ ಇದ್ರೆ ಎಂಟು ವಿಮಾನ ಇದ್ದೂ ವೇಸ್ಟ್. ಅವರಿಗೆ ಟೋಪಿ, ನೀರು, ಮಧ್ಯಾಹ್ನ ಊಟ ಮರೀಬೇಡಿ, ಜನವರಿ ಬಿಸಿಲು 40 ಡಿಗ್ರಿ ದಾಟೋದು ಉಂಟು.

ಲೈನ್‌ನಲ್ಲಿ ನಿಂತು ಕೈ ಸನ್ನೆ ಮಾಡೋನು ತಪ್ಪದೇ ನೋಡ್ಬೇಕಾದ್ದು ಒಂದೇ: ಪೈಲಟ್ ತನ್ನ ಮೈಗೆ ಕಟ್ಕೊಂಡಿರೋ ಹಾರ್ನೆಸ್ಸನ್ನ ಗ್ಲೈಡರ್‌ಗೆ ಸಿಗಿಸಿದಾನಾ ಇಲ್ವಾ. ನಗ್ಬೇಡಿ, ಇಪ್ಪತ್ತು ವರ್ಷ ಹಾರಿದೋರು ಸಿಗಿಸೋದು ಮರೆತು ಹೊರಟಿರೋದು ಈ ಆಟದ ಹಳೇ ಕಾಯಿಲೆ. ಒಂದ್ಸಲ ಗ್ಲೈಡರ್ ಕೆಳಗೆ ತೂಗಾಡಿಸಿ ನೋಡದೇ ಯಾರನ್ನೂ ಬಿಡ್ಬಾರ್ದು.

ಟಾಸ್ಕ್ ಅಂದ್ರೆ ಆ ದಿನದ ದಾರಿ. ಬೆಳಿಗ್ಗೆ ಹವಾಮಾನ ನೋಡಿ ಟಾಸ್ಕ್ ಕಮಿಟಿ ಕೂತು ಹಾಕುತ್ತೆ, ಅದರಲ್ಲಿ ಅನುಭವ ಇರೋ ಎರಡು ಮೂರು ಪೈಲಟ್‌ಗಳೇ ಇರ್ತಾರೆ. ಸ್ಟಾರ್ಟ್ ಅಂದ್ರೆ ಜಿಪಿಎಸ್ ಮೇಲೆ ಒಂದು ದೊಡ್ಡ ವೃತ್ತ, 5 ಅಥವಾ 10 ಕಿ.ಮೀ. ರೇಡಿಯಸ್, ಹೇಳಿದ ಟೈಮ್ ಆದ ಮೇಲೆ ಅದನ್ನ ದಾಟ್ಬೇಕು. ಎರಡು ಗಂಟೆಗೆ ಒಂದು ಗೇಟ್, ಎರಡು ಇಪ್ಪತ್ತಕ್ಕೆ ಇನ್ನೊಂದು, ಎರಡು ನಲವತ್ತಕ್ಕೆ ಮತ್ತೊಂದು, ಹೀಗೆ. ಎರಡು ಹತ್ತಕ್ಕೆ ದಾಟಿದ್ರೂ ನಿಮ್ಮ ಗಡಿಯಾರ ಎರಡು ಗಂಟೆಗೇ ಓಡೋಕೆ ಶುರುವಾಗಿರುತ್ತೆ. ಆಮೇಲೆ ದಾರೀಲಿ ಗುರುತಿಸಿರೋ ಒಂದೋ ಎರಡೋ ಜಾಗ, ಅಂದ್ರೆ ಟರ್ನ್‌ಪಾಯಿಂಟ್ ಮುಟ್ಟಿ ಗೋಲ್. ಒಳ್ಳೇ ಪೈಲಟ್‌ಗಳು ಗಂಟೆಗೆ 50 ಕಿ.ಮೀ. ಸರಾಸರಿ ಹೋಗ್ತಾರೆ ಅನ್ಕೊಂಡ್ರೆ ಮೂರು ಗಂಟೆಗೆ 150, ಸಂಜೆ ಆರರ ಹೊತ್ತಿಗೆ ಥರ್ಮಲ್ ಸಾಯೋಕೆ ಶುರು, ಹಿಂದುಳಿದೋರಿಗೂ ಗೋಲ್ ಸಿಗೋ ಹಾಗಿರ್ಬೇಕು. ಟೆಕ್ಸಾಸ್‌ನ ಜಪಾಟಾದಿಂದ 2012ರಲ್ಲಿ ಡಸ್ಟಿನ್ ಮಾರ್ಟಿನ್ 764 ಕಿ.ಮೀ. ಹಾರಿ ರೆಕಾರ್ಡ್ ಮಾಡಿದ್ರು, ಜೊತೇಲೇ ಹಾರ್ತಿದ್ದ ಜಾನಿ ಡ್ಯುರಾಂಡ್ ಬರೀ ಕೆಲವೇ ಕಿ.ಮೀ. ಕಮ್ಮಿ, ಅದೆಲ್ಲ ಗಾಳಿ ಬೆನ್ನಿಗಿಟ್ಕೊಂಡು ದಿನವಿಡೀ ಒಂದೇ ದಿಕ್ಕಿಗೆ ಹೋದ ಕಥೆ. ಕಾಂಪಿಟಿಷನ್‌ನಲ್ಲಿ ಹಾಗೆ ಮಾಡಿದ್ರೆ ಎಲ್ಲಾರನ್ನೂ ಕರ್ಕೊಂಡು ಬರೋಷ್ಟ್ರಲ್ಲಿ ಮಾರನೇ ದಿನ ಬೆಳಗಾಗಿರುತ್ತೆ.

ಟರ್ನ್‌ಪಾಯಿಂಟ್ ಫೈಲ್ ಬಗ್ಗೆ ನನ್ನ ಮಾನ ಹೋಗಿದ್ದನ್ನ ಹೇಳ್ಬಿಡ್ತೀನಿ. ಒಂದು ಚಿಕ್ಕ ಕಾಂಪಿಟಿಷನ್‌ಗೆ ನಾನೇ ಫೈಲ್ ಮಾಡಿದ್ದೆ, ಡಿಗ್ರಿ-ನಿಮಿಷದಲ್ಲಿದ್ದ ಅಕ್ಷಾಂಶ 33 ಡಿಗ್ರಿ 22 ನಿಮಿಷವನ್ನ ಹಂಗೇ 33.22 ಅಂತ ಹೊಡೆದುಬಿಟ್ಟೆ. ನಿಮಿಷ ಅಂದ್ರೆ ಅರವತ್ತರಲ್ಲಿ ಒಂದು, ದಶಮಾಂಶ ಅಂದ್ರೆ ನೂರರಲ್ಲಿ ಒಂದು, ಆ ಜಾಗ 16 ಕಿ.ಮೀ. ಆಚೆ ಹೋಗಿ ಕೂತಿತ್ತು. ಬ್ರೀಫಿಂಗ್‌ನಲ್ಲಿ ಒಬ್ಬ ಪೈಲಟ್ ಕೈ ಎತ್ತಿ ಇದೇನು ಗೋಲು ಪಕ್ಕದೂರಲ್ಲಿ ತೋರಿಸ್ತಿದೆ ಅಂದಾಗ ಗೊತ್ತಾಗಿದ್ದು, ಪುಣ್ಯಕ್ಕೆ ಹಾರೋ ಮುಂಚೆ. ಫೈಲ್ ಮಾಡಿದೋನೇ ಚೆಕ್ ಮಾಡ್ಬಾರ್ದು, ಇನ್ನೊಬ್ಬ ಮ್ಯಾಪ್ ಮೇಲೆ ಹಾಕಿ ಒಂದೊಂದೂ ನೋಡ್ಬೇಕು. ದಿನದ ಟಾಸ್ಕನ್ನ ಈಗ ಕ್ಯೂಆರ್ ಕೋಡ್‌ನಲ್ಲೂ ಕೊಡಬಹುದು, ಎಲ್ಲಾರೂ ಸ್ಕ್ಯಾನ್ ಮಾಡ್ಕೊಂಡ್ರೆ ಟೈಪಿಂಗ್ ತಪ್ಪು ಕಮ್ಮಿ, ಆದ್ರೂ ಬೋರ್ಡ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೀರಿ.

ಸ್ಕೋರಿಂಗ್ ಸೂತ್ರದ ಹೆಸರು ಗ್ಯಾಪ್. ದಿನಕ್ಕೆ ಹೆಚ್ಚಂದ್ರೆ 1000 ಪಾಯಿಂಟ್, ಅದು ದೂರ, ಸ್ಪೀಡು, ಮುಂದೆ ನಿಂತು ದಾರಿ ತೋರಿಸಿದ್ದಕ್ಕೆ ಲೀಡಿಂಗ್ ಪಾಯಿಂಟ್ ಅಂತ ಹಂಚಿಕೆ ಆಗುತ್ತೆ. ಲೀಡಿಂಗ್ ಪಾಯಿಂಟ್ ಯಾಕೆ ಅಂದ್ರೆ, ಥರ್ಮಲ್ ಕಣ್ಣಿಗೆ ಕಾಣಲ್ಲ, ಮುಂದೆ ಹೋದೋನು ಎಲ್ಲಿ ಏರ್ತಾನೆ ಅಂತ ನೋಡಿ ಹಿಂದಿನೋರು ನೇರ ಅಲ್ಲಿಗೇ ಬರ್ತಾರೆ, ಹಂಗಾಗಿ ಏನೂ ಕೊಡ್ದೇ ಇದ್ರೆ ಯಾರೂ ಮುಂದೆ ಹೋಗಲ್ಲ, ಮದುವೆ ಊಟದ ಮೊದಲ ಪಂಕ್ತಿಲಿ ನೀ ಕೂರು ನೀ ಕೂರು ಅಂತಾರಲ್ಲ ಹಂಗೆ ಮೇಲೆ ಸುತ್ತು ಹಾಕ್ತಾನೇ ಇರ್ತಾರೆ. 1000 ಪೂರ್ತಿ ಸಿಗ್ಬೇಕಂದ್ರೆ ದಿನವೂ ಅಷ್ಟು ಯೋಗ್ಯವಾಗಿರ್ಬೇಕು. ಕಾಂಪಿಟಿಷನ್ ಶುರುವಾಗೋ ಮುಂಚೆ ನೀವು ನಾಮಿನಲ್ ಟೈಮ್, ನಾಮಿನಲ್ ಡಿಸ್ಟೆನ್ಸ್ ಅಂತ, ಅಂದ್ರೆ ಒಳ್ಳೇ ಟಾಸ್ಕ್ ಎಷ್ಟು ಹೊತ್ತು, ಎಷ್ಟು ದೂರ ಇರ್ಬೇಕು ಅನ್ನೋ ಕೆಲವು ಅಂಕಿ ಕೊಡ್ಬೇಕು. ಒಂದೂವರೆ ಗಂಟೆ ಅಂತ ಕೊಟ್ಟಿದ್ದು, ಟಾಸ್ಕ್ ಚಿಕ್ಕದಾಗಿ ಮೊದಲನೇವ್ನು ಒಂದೇ ಗಂಟೆಲಿ ಗೋಲ್ ಮುಟ್ಟಿದ್ರೆ ದಿನದ ಬೆಲೆನೇ ಇಳಿಯುತ್ತೆ. ಎಲ್ಲಾರೂ ಹತ್ತಿಪ್ಪತ್ತು ಕಿ.ಮೀ.ಗೆ ಇಳಿದುಬಿಟ್ರೂ ಇಳಿಯುತ್ತೆ, ಅಂದ್ರೆ ಅದೃಷ್ಟದ ದಿನಕ್ಕೆ ಬೆಲೆ ಕಮ್ಮಿ. ಗೆದ್ದೋನಿಗೆ ಯಾಕೆ 620 ಮಾತ್ರ ಅಂತ ಮೊದಲ ದಿನವೇ ಜಗಳ ಬರುತ್ತೆ, ಇದನ್ನ ವಿವರಿಸೋಕೆ ಬರೋ ಸ್ಕೋರರ್ ಬೇಕು. ಇದೊಂದಕ್ಕೆ ದುಡ್ಡು ಕೊಟ್ಟು ಪಳಗಿದೋರನ್ನೇ ಕರೆಸಿ.

ಸೇಫ್ಟಿ ಕಮಿಟಿ ಟಾಸ್ಕ್ ಕಮಿಟಿಯಿಂದ ಬೇರೆ ಇರ್ಲಿ, ದಾರಿ ಹಾಕಿದೋನಿಗೆ ತನ್ನ ದಾರಿ ನಿಲ್ಸೋಕೆ ಮನಸ್ಸು ಬರಲ್ಲ. ಹಾರ್ತಾ ಇರೋರು ಮೇಲೆ ಎಷ್ಟು ಅಪಾಯ ಇದೆ ಅನ್ನೋದನ್ನ ರೇಡಿಯೋಲಿ ಲೆವೆಲ್ 1, 2, 3 ಅಂತ ಹೇಳ್ತಾರೆ, 3 ಅಂದ್ರೆ ನಿಲ್ಸಿ. ದೂರದಲ್ಲಿ ಗುಡುಗು ಮೋಡ ಬೆಳೀತಿದ್ರೆ ನಿಲ್ಸಿಬಿಡಿ, ಪಾಯಿಂಟ್ ಪೂರ್ತಿ ಹೋಗಲ್ಲ. ಸ್ಟಾಪ್ ಅಂದ ಕ್ಷಣಕ್ಕಿಂತ ಸ್ವಲ್ಪ ಹಿಂದಿನ ಟೈಮ್ ತನಕ ಲೆಕ್ಕ ಹಿಡೀತಾರೆ, ಹಾಗಾಗಿ ಹೆದರಿ ಬೇಗ ಇಳಿಯೋಕೆ ಹೊರಟೋನಿಗೆ ನಷ್ಟ ಕಮ್ಮಿ. ಸ್ಟಾರ್ಟ್‌ಗೆ ಮುಂಚೆ ಒಂದೇ ಥರ್ಮಲ್‌ನಲ್ಲಿ ಮೂವತ್ತು ರೆಕ್ಕೆ ಸುತ್ತೋವಾಗ ಎಡಕ್ಕಾ ಬಲಕ್ಕಾ ಅಂತ ಬೆಳಿಗ್ಗೆಯೇ ಹೇಳಿರ್ಬೇಕು. ಇನ್ನು ಸುಂಟರಗಾಳಿ. ಧೂಳೆಬ್ಬಿಸ್ಕೊಂಡು ರನ್‌ವೇಗೆ ಬಂತಂದ್ರೆ ನಿಲ್ಸಿರೋ ಗ್ಲೈಡರನ್ನೇ ಎತ್ತಿ ಮಗುಚುತ್ತೆ, ಕಟ್ಟಿ ಹಾಕಿರ್ಬೇಕು.

ಇನ್ನು ನನ್ನ ಡಿಪಾರ್ಟ್‌ಮೆಂಟು, ಹುಡುಕಿ ತರೋದು. ಮೂರು ನಾಲ್ಕು ಪೈಲಟ್‌ಗೆ ಒಂದು ಕಾರು, ಮೇಲೆ ಉದ್ದನೇ ರ‍್ಯಾಕು. ಗೋಲ್ ಮುಟ್ಟಿದೋರದ್ದು ಸುಲಭ, ದಾರಿಲಿ ಇಳಿದೋರದ್ದು ಕಷ್ಟ. ಎಲ್ಲಾರ ಹತ್ರ ಲೈವ್ ಟ್ರ್ಯಾಕರ್ ಇರುತ್ತೆ, ಆದ್ರೆ ಮೊಬೈಲ್ ನೆಟ್‌ವರ್ಕ್ ಇಲ್ಲದ ಕಡೆ ಅದರ ಚುಕ್ಕೆ ನಿಂತುಬಿಡುತ್ತೆ, ಅದಕ್ಕೇ ಇನ್‌ರೀಚ್ ಥರ ಸ್ಯಾಟಲೈಟ್ ಮೆಸೇಜ್ ಕಳ್ಸೋದೊಂದು ಕಡ್ಡಾಯ ಮಾಡಿ. ಇಳಿದ ಮೇಲೆ ಮೊದಲ ಕೆಲಸ "ಸೇಫ್" ಅಂತ ಮೆಸೇಜ್, ಆಮೇಲೆ ನೀರು ಕುಡಿ, ಆಮೇಲೆ ಗ್ಲೈಡರ್ ಬಿಚ್ಚು. ಒಂದ್ಸಲ ಒಬ್ಬ ಮೆಸೇಜ್ ಮಾಡ್ದೇ ರೈತರ ಮನೇಲಿ ಟೀ ಕುಡಿದು ಸೋಫಾ ಮೇಲೆ ನಿದ್ದೆ ಹೋಗಿದ್ದ, ನಾವು ಎರಡು ಕಾರು ಒಂದು ವಿಮಾನ ಕಳ್ಸಿ ಹುಡುಕ್ತಾ ಇದ್ವಿ. ಹೆಸರು ಹೇಳಲ್ಲ, ಒಳ್ಳೇ ಮನುಷ್ಯ.

ಡ್ರೈವರ್‌ಗಳಿಗೆ ಮೊದಲ ದಿನವೇ ಹೇಳ್ಬೇಕಾದ್ದು: ಹೊಲದ ಗೇಟು ತೆಗೆದಿದ್ರೆ ತೆಗೆದೇ ಇರ್ಲಿ, ಹಾಕಿದ್ರೆ ಹಾಕೇ ಬನ್ನಿ, ಕುರಿ ತಪ್ಪಿಸ್ಕೊಂಡ್ರೆ ಮುಂದಿನ ವರ್ಷ ಆ ಊರಲ್ಲಿ ಇಳಿಯಂಗಿಲ್ಲ. ಒಣ ಕೂಳೆ ಮೇಲೆ ಕಾರು ಓಡಿಸ್ಬೇಡಿ, ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ಕೊಳ್ಳುತ್ತೆ, ಪೈಲಟ್ಟೇ ಗ್ಲೈಡರ್ ಹೊತ್ಕೊಂಡು ರಸ್ತೆಗೆ ಬರ್ಲಿ. ಪೈಲಟ್‌ಗಳಿಗೆ ಹೇಳ್ಬೇಕಾದ್ದು ಕರೆಂಟ್ ತಂತಿ: ಆ ಕಡೆ ಹೊಲದ ಮೇಲೆ ಒಂದೇ ಒಂದು ತಂತಿ ಹೋಗಿರುತ್ತೆ, ಕಂಬದಿಂದ ಕಂಬಕ್ಕೆ ದೂರ ಬೇರೆ, ತಂತಿ ಕಾಣಲ್ಲ, ಮೇಲಿಂದ ಕಂಬ ಹುಡುಕ್ಬೇಕು, ಮನೆ ಇದೆ ಅಂದ್ರೆ ತಂತಿ ಇದೆ ಅಂತಲೇ ಲೆಕ್ಕ.

ಹೆಡ್‌ಕ್ವಾರ್ಟರ್‌ನಲ್ಲಿ ಒಂದು ಬಿಳಿ ಬೋರ್ಡು, ಎಲ್ಲಾ ಹೆಸರು, ಹಾರಿದೋರ ಮುಂದೆ ಒಂದು ಗೆರೆ, ಸೇಫ್ ಅಂತ ಬಂದ್ಮೇಲೆ ಅಡ್ಡಗೆರೆ. ಕಂಪ್ಯೂಟರ್‌ನಲ್ಲಿ ಇದ್ದೇ ಇದೆಯಲ್ಲ ಅಂತ ಯಾರಾದ್ರೂ ಅಂತಾರೆ, ಅನ್ಲಿ ಬಿಡಿ. ಕತ್ತಲಾಗೋಕೆ ಎರಡು ಗಂಟೆ ಮುಂಚೆ ಅಡ್ಡಗೆರೆ ಬೀಳದ ಹೆಸರಿಗೆ ಫೋನ್ ಶುರು ಮಾಡಿ, ಕೊನೇ ಚುಕ್ಕೆ ಎಲ್ಲಿತ್ತು, ಕೊನೇಲಿ ಯಾರು ನೋಡಿದ್ರು, ಬರ್ಕೊಳ್ಳಿ. ಎಲ್ಲಾ ಅಡ್ಡಗೆರೆ ಬೀಳೋ ತನಕ ಇಡೀ ಕಾಂಪಿಟಿಷನ್ ನಡೆಸೋ ಮೀಟ್ ಡೈರೆಕ್ಟರ್ ಬಿಯರ್ ಮುಟ್ಟಂಗಿಲ್ಲ ಅನ್ನೋದು ನಮ್ಮ ರೂಲು. ವಾಪಸ್ ಬರೋವಾಗ ಮುಸ್ಸಂಜೇಲಿ ಕಾಂಗರೂಗಳು ಸೀದಾ ರಸ್ತೆಗೆ ನೆಗೀತವೆ, ಅದಕ್ಕೆ ಕಾರಲ್ಲಿ ಹಿಂದೆ ಇರೋ ಪೈಲಟ್‌ಗಳು ಎಷ್ಟು ಬೇಕಾದ್ರೂ ಗೊರಕೆ ಹೊಡೀಲಿ, ಮುಂದಿನ ಸೀಟ್‌ನೋನು ಮಾತ್ರ ಎದ್ದಿರ್ಬೇಕು.